ಕೆಲವು ಶಾಂಪೇನ್ ಬಾಟಲಿಗಳ ಬೆಲೆ ಲಕ್ಷ ರೂಪಾಯಿ ದಾಟುವುದೇಕೆ?

ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದ ದ್ರಾಕ್ಷಿಯಿಂದ ಅಲ್ಲಿನ ನಿಯಮದಂತೆ ತಯಾರಾದ ವೈನಿಗೆ ಮಾತ್ರ ಈ ಹೆಸರು ಸಲ್ಲುತ್ತದೆಯಾದರೂ, ಅತಿ ದುಬಾರಿ ಬಾಟಲಿಗಳ ಬೆಲೆಯನ್ನು ಮುಖ್ಯವಾಗಿ ನಿರ್ಧರಿಸುವುದು ತೋಟದ ವಿಸ್ತೀರ್ಣ ಮತ್ತು ಮಾಗಿಸುವ ಅವಧಿ. ಕ್ರುಗ್ ಸಂಸ್ಥೆಯ ‘ಕ್ಲೋ ದ್ಯು ಮೆನಿಲ್’ಗೆ ದ್ರಾಕ್ಷಿ ಬರುವುದು ಲೆ ಮೆನಿಲ್ ಹಳ್ಳಿಯ ನಡುವೆ ಗೋಡೆಯಿಂದ ಸುತ್ತುವರಿದ 1.84 ಹೆಕ್ಟೇರಿನ, ಅಂದರೆ ಸುಮಾರು ನಾಲ್ಕೂವರೆ ಎಕರೆಯ, ಒಂದೇ ತೋಟದಿಂದ. ಅದೇ ಹಳ್ಳಿಯ ಸಲೋಂ ಸಂಸ್ಥೆ ಶಾರ್ಡೊನೆ ದ್ರಾಕ್ಷಿಯೊಂದನ್ನೇ ಬಳಸಿ, ಫಸಲು ಅತ್ಯುತ್ತಮವೆನಿಸಿದ ವರ್ಷಗಳಲ್ಲಷ್ಟೇ ವೈನ್ ಹೊರತರುತ್ತದೆ. ಇಡೀ 20ನೇ ಶತಮಾನದಲ್ಲಿ ಅದು ಹೊರತಂದದ್ದು 37 ವರ್ಷಗಳ ಫಸಲಿನ ವೈನ್ ಮಾತ್ರ.

ಕೊಯ್ಲಿನ ವರ್ಷವನ್ನು ನಮೂದಿಸಿದ ಶಾಂಪೇನನ್ನು ಕನಿಷ್ಠ 3 ವರ್ಷ ಮಾಗಿಸಬೇಕೆಂಬುದು ನಿಯಮ. ಸಲೋಂ ಸುಮಾರು ಹತ್ತು ವರ್ಷ ಕಾಯುತ್ತದೆ. ಅಷ್ಟು ಕಾಲ ನೆಲಮಾಳಿಗೆಯಲ್ಲಿ, ಬಾಟಲಿಯೊಳಗಿನ ಯೀಸ್ಟಿನ ಗಸಿಯೊಂದಿಗೆ ಮಾಗುವ ವೈನಿಗೆ ಹುರಿದ ಬಾದಾಮಿಯ ಪರಿಮಳ ಕೂಡಿಕೊಳ್ಳುತ್ತದೆ. ಹೂಡಿದ ಬಂಡವಾಳ ಮಾತ್ರ ಮರಳದೆ ಕೂತಿರುತ್ತದೆ. ಚಿನ್ನದ ಲೇಬಲ್ಲು, ತಾರೆಯರ ಹೆಸರುಗಳಿಂದ ಏರುವ ಬೆಲೆಗೂ ರುಚಿಗೂ (ನನ್ನ ದೃಷ್ಟಿಯಲ್ಲಿ) ಸಂಬಂಧ ಕಡಿಮೆ.

ಇತಿಹಾಸಕ್ಕೂ ಬೆಲೆಯುಂಟು: 2010ರಲ್ಲಿ ಬಾಲ್ಟಿಕ್ ಸಮುದ್ರದಲ್ಲಿ, ಓಲಂಡ್ ದ್ವೀಪಗಳ ಬಳಿ ಮುಳುಗಿದ್ದ ಹಡಗಿನಲ್ಲಿ ದೊರೆತ 19ನೇ ಶತಮಾನದ ವವ್ ಕ್ಲಿಕೋ ಸಂಸ್ಥೆಯ ಶಾಂಪೇನ್ ಬಾಟಲಿಯೊಂದು ಮರುವರ್ಷ 30,000 ಯೂರೋಗೆ ಹರಾಜಾಯಿತು.