ಹಾಸಿಗೆ ಇಲ್ಲದ ಕ್ಲಿನಿಕ್‌ಗೂ ಅನುಮತಿ ಬೇಕೇ?

ಶಹಾಪುರದಾಗ ಸಣ್ಣ ಕ್ಲಿನಿಕ್, ಹಾಸಿಗೆ ಇಲ್ಲ, ದಿನಕ್ಕ ಹತ್ತು ಇಂಜೆಕ್ಷನ್ ಅಷ್ಟೇ, ಆಸ್ಪತ್ರೆ ಕಸಕ್ಕ ಅನುಮತಿ ಬೇಕಾ, ಆ ಕಸ ಒಯ್ಯೋ ಗಾಡಿ ದಿನಾ ಬರದಿದ್ರ ಏನು ಮಾಡೋದು ಅಂತ ಕೇಳೀರಿ.

ಬೇಕು ಡಾಕ್ಟರ್ ಸಾಹೇಬ್ರ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಾಗ ಹಾಸಿಗೆ ಇಲ್ಲಂತ ವಿನಾಯಿತಿ ಇಲ್ಲ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ನಮೂನೆ 2ರಲ್ಲಿ ಅರ್ಜಿ ಹಾಕ್ರಿ. ಹಾಸಿಗೆ ಇಲ್ಲದವ್ರಿಗೆ ಒಂದೇ ಸಲದ ಅನುಮತಿ, ನವೀಕರಣದ ಓಡಾಟ ಇಲ್ಲ. ಆದ್ರ ವಾರ್ಷಿಕ ವರದಿ ಜೂನ್ 30ರೊಳಗ ಕೊಡಬೇಕು. ಬಹಳ ಮಂದಿ ಮರೆಯೋದು ಇದನ್ನೇ.

ತಪ್ಪಾಗೋದು ಸಿರಿಂಜ್‌ನಾಗ. ಸೂಜಿಗೆ ಮತ್ತ ಕ್ಯಾಪ್ ಹಾಕಬ್ಯಾಡ್ರಿ, ಚುಚ್ಚೋದು ಆಗಲೇ. ಕಟರ್‌ನಿಂದ ಕತ್ತರಿಸಿದ ಸೂಜಿ ತೂತಾಗದ ಬಿಳಿ ಡಬ್ಬಿಗೆ, ಉಳಿದ ಪ್ಲಾಸ್ಟಿಕ್ ಕೆಂಪು ಚೀಲಕ್ಕ. ಡಬ್ಬಿ ಮುಕ್ಕಾಲು ತುಂಬಿದ್ರ ಮುಚ್ಚಿಬಿಡ್ರಿ. ರಕ್ತದ ಹತ್ತಿ, ಅವಧಿ ಮುಗಿದ ಔಷಧಿ ಹಳದಿಗೆ, ಗಾಜಿನ ವಯಲ್ ನೀಲಿಗೆ. ಡ್ರಿಪ್ ಸೆಟ್, ಕೈಗವಸು ಕೆಂಪಿಗೇ; ಹಳದಿಗೆ ಹಾಕಿದ್ರ ಸುಡೋ ಒಲೆಗೆ ಹೋಗ್ತಾವ. ಪಿವಿಸಿ ಪ್ಲಾಸ್ಟಿಕ್ ಸುಟ್ರ ಡಯಾಕ್ಸಿನ್ ಅನ್ನೋ ವಿಷ ಬರ್ತದ.

ರಕ್ತ ಹತ್ತಿದ ಹತ್ತಿ, ಬ್ಯಾಂಡೇಜ್ 48 ತಾಸಿಗಿಂತ ಹೆಚ್ಚು ಇಡೋ ಹಂಗಿಲ್ಲ. ನಮ್ಮ ಕಡೆ ಮೇ ಬಿಸಿಲಿಗೆ ಅದರೊಳಗೇ ನಾತ ಹಿಡೀತದ. ಗಾಡಿ ತಪ್ಪಿದ್ರ ಕಾರಣ ಬರೆದು ಮಂಡಳಿಗೆ ತಿಳಿಸ್ರಿ, ಪ್ರತಿ ಇಟ್ಕೊಳ್ರಿ. ಪಟ್ಟಣದ ಕಸದ ಗಾಡಿಗೆ ಮಾತ್ರ ಹಾಕಬ್ಯಾಡ್ರಿ.