ಹೊಗಳಿಕೊಂಡರೂ ಮನಸ್ಸು ನಂಬಲ್ಲ, ಏನು ಮಾಡಲಿ?

ಪ್ರಶ್ನೆ: ಸಣ್ಣ ತಪ್ಪಾದರೂ ಸಾಕು, "ನಾನು ದಡ್ಡಿ, ನನ್ನ ಕೈಲಿ ಏನೂ ಆಗಲ್ಲ" ಅಂತ ಒಳಗೊಳಗೇ ಬೈದುಕೊಳ್ಳುತ್ತೇನೆ. ಮೊನ್ನೆ ಆಫೀಸಿನ ಮೇಲ್‌ನಲ್ಲಿ ತಪ್ಪು ಫೈಲ್ ಕಳಿಸಿಬಿಟ್ಟೆ, ರಾತ್ರಿಯಿಡೀ ಅದೇ ಗುಂಗು. ಗೆಳತಿಯ ಮಾತು ಕೇಳಿ ದಿನಾ ಬೆಳಗ್ಗೆ ಕನ್ನಡಿ ಮುಂದೆ "ನಾನು ಬುದ್ಧಿವಂತೆ, ಏನು ಬೇಕಾದರೂ ಸಾಧಿಸಬಲ್ಲೆ" ಅಂತ ಹೇಳಿಕೊಳ್ಳುತ್ತಿದ್ದೇನೆ. ಹೇಳಿ ಮುಗಿಸುವ ಮೊದಲೇ "ಸಾಕು ಸುಮ್ನಿರು" ಅನ್ನುತ್ತದೆ ಮನಸ್ಸು. ನನ್ನಲ್ಲೇ ಏನೋ ಕೊರತೆ ಇದೆಯಾ?

ಉತ್ತರ: ಕೊರತೆ ಇರೋದು ನಿಮ್ಮಲ್ಲಲ್ಲ, ಆ ವಾಕ್ಯದಲ್ಲಿ. ಕೆನಡಾದ ಮನಃಶಾಸ್ತ್ರಜ್ಞೆ ಜೋಆನ್ ವುಡ್ ಮತ್ತು ಜೊತೆಗಾರರು 2009ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ತಮ್ಮ ಬಗ್ಗೆ ಮೊದಲೇ ಕೀಳಾಗಿ ಯೋಚಿಸುವವರು "ನಾನು ಪ್ರೀತಿಗೆ ಯೋಗ್ಯ ವ್ಯಕ್ತಿ" ಅಂತ ಮತ್ತೆ ಮತ್ತೆ ಹೇಳಿಕೊಂಡಾಗ, ಹೇಳಿಕೊಳ್ಳದೇ ಇದ್ದ ಅಂಥವರೇ ಆದ ಇತರರಿಗಿಂತ ಅವರ ಮನಸ್ಸು ಇನ್ನಷ್ಟು ಕುಗ್ಗಿತು. ಅಂದರೆ ಯಾರಿಗೆ ಇದು ಹೆಚ್ಚು ಬೇಕೋ ಅವರಿಗೇ ಇದು ತಿರುಗುಬಾಣ! ನಂಬಲು ಆಗದಷ್ಟು ದೊಡ್ಡ ಮಾತು ಹೇಳಿದರೆ ಮನಸ್ಸು ವಾದಕ್ಕೆ ಇಳಿಯುತ್ತದೆ, ಹಳೆಯ ತಪ್ಪುಗಳನ್ನೆಲ್ಲ ಒಂದೊಂದಾಗಿ ಎತ್ತಿ ತೋರಿಸುತ್ತದೆ.

ಇಂಥ ಮಾತನ್ನು ನೂರು ವರ್ಷದ ಹಿಂದೆ ಮನೆಮಾತು ಮಾಡಿದವರಲ್ಲಿ ಫ್ರಾನ್ಸಿನ ಔಷಧಿ ವ್ಯಾಪಾರಿ ಎಮಿಲ್ ಕುಎ ಒಬ್ಬರು. ಅವರು ಹೇಳಿಸುತ್ತಿದ್ದ ಮಾತು "ದಿನದಿಂದ ದಿನಕ್ಕೆ ನಾನು ಎಲ್ಲ ರೀತಿಯಲ್ಲೂ ಸುಧಾರಿಸುತ್ತಿದ್ದೇನೆ" ಅಂತ. ಗಮನಿಸಿ, "ನಾನೇ ಶ್ರೇಷ್ಠ" ಅಂತ ಅಲ್ಲ. ಈಗಿನ ಘೋಷಣೆಗಳಿಗಿಂತ ಅದೇ ಎಷ್ಟೋ ವಾಸಿ, ಅಲ್ವಾ?

ಹಾಗಾಗಿ ಬೈಗುಳವನ್ನು ಹೊಗಳಿಕೆಯಾಗಿ ತಿರುಗಿಸಲು ಹೋಗಬೇಡಿ, ಅದನ್ನು ನಿಜಕ್ಕೆ ಇಳಿಸಿ. "ನನ್ನ ಕೈಲಿ ಏನೂ ಆಗಲ್ಲ" ಅನ್ನುವುದನ್ನು ಒಂದು ಹಾಳೆಯಲ್ಲಿ ಇದ್ದ ಹಾಗೇ ಬರೆಯಿರಿ. "ಏನೂ" ಅನ್ನುವಲ್ಲಿ ಗೆರೆ ಎಳೆಯಿರಿ, ಕಳ್ಳ ಕೂತಿರೋದು ಅಲ್ಲೇ. ಏನೂ ಆಗದಿದ್ದರೆ ಆ ಮೇಲ್ ಬರೆದವರು ಯಾರು? ಈಗ ಅದರ ಕೆಳಗೆ ನಡೆದದ್ದನ್ನಷ್ಟೇ ಬರೆಯಿರಿ: "ಅವಸರದಲ್ಲಿ ತಪ್ಪು ಫೈಲ್ ಹಾಕಿದೆ. ಸರಿಯಾದ್ದನ್ನು ಕಳಿಸಿದರೆ ಆಯ್ತು. ಇನ್ನು ಮುಂದೆ ಕಳಿಸುವ ಮೊದಲು ಒಮ್ಮೆ ತೆರೆದು ನೋಡ್ತೀನಿ." ಓದಲು ಸಪ್ಪೆ ಅನ್ನಿಸಬಹುದು. ಆದರೆ ಇದರ ಮೇಲೆ ಮನಸ್ಸು ವಾದ ಮಾಡಲಾರದು, ಏಕೆಂದರೆ ಇದರಲ್ಲಿ ಸುಳ್ಳಿಲ್ಲ. ಇಂಥ ತಟ್ಟನೆ ಬರುವ ಯೋಚನೆಗಳನ್ನು ಹಿಡಿದು ಪರೀಕ್ಷಿಸುವ ಕ್ರಮವನ್ನು 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದರು, ಇವತ್ತಿಗೂ ಆಪ್ತಸಮಾಲೋಚಕರು ಇದನ್ನು ಬಳಸುತ್ತಾರೆ.

ಇನ್ನೊಂದು ಉಪಾಯ ಇದೆ, ಕೇಳಲು ತಮಾಷೆ ಅನ್ನಿಸಬಹುದು. "ನಾನು" ಬಿಟ್ಟು ನಿಮ್ಮ ಹೆಸರನ್ನೇ ಕರೆದು, ಗೆಳತಿಗೆ ಹೇಳುವ ಹಾಗೆ ಮನಸ್ಸಿನಲ್ಲೇ ಮಾತಾಡಿ. ಭಾಷಣದಂಥ ಸಂದರ್ಭದಲ್ಲಿ ಹೀಗೆ ಮಾಡಿದವರ ಕಳವಳ ಕಡಿಮೆಯಾಗಿದ್ದನ್ನು ಅಮೆರಿಕದ ಮನಃಶಾಸ್ತ್ರಜ್ಞ ಈಥನ್ ಕ್ರಾಸ್ ತಂಡ 2014ರಲ್ಲಿ ವರದಿ ಮಾಡಿದೆ. ಜೋರಾಗಿ ಹೇಳಬೇಕಾಗಿಲ್ಲ, ಪಕ್ಕದವರು ಗಾಬರಿಯಾದಾರು.

ಒಂದು ಮಾತು ಮಾತ್ರ ಗಂಭೀರವಾಗಿ ಹೇಳುತ್ತೇನೆ. ಈ ಬೈಗುಳ ವಾರಗಟ್ಟಲೆ ನಿದ್ದೆ, ಊಟ ಕೆಡಿಸಿದರೆ, ಅಥವಾ "ನಾನು ಇದ್ದೇನು ಪ್ರಯೋಜನ" ಅನ್ನುವ ಕಡೆಗೆ ಹೊರಳಿದರೆ, ಹಾಳೆ ಪೆನ್ನು ಪಕ್ಕಕ್ಕಿಟ್ಟು ತಡಮಾಡದೆ ವೈದ್ಯರನ್ನು ಕಾಣಿ.

ಪ್ರಶ್ನೆ: ಬೈದುಕೊಳ್ಳುವುದನ್ನು ಬಿಟ್ಟರೆ ಸೋಮಾರಿ ಆಗಿಬಿಡುತ್ತೇನೆ ಅನ್ನುವ ಭಯ ನನಗೆ. ಚಾಟಿ ಇದ್ದರೆ ತಾನೇ ಚುರುಕಾಗೋದು?

ಉತ್ತರ: ಇದನ್ನು ಬಹಳ ಜನ ನಂಬಿದ್ದಾರೆ. ಆದರೆ 2012ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞೆಯರಾದ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೀನಾ ಚೆನ್ ಪ್ರಕಟಿಸಿದ ಪ್ರಯೋಗ ನೋಡಿ. ಕಷ್ಟದ ಪರೀಕ್ಷೆಯಲ್ಲಿ ಎಡವಿದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ "ಇದು ಎಷ್ಟೋ ಜನಕ್ಕೆ ಕಷ್ಟವೇ, ನಿಮ್ಮನ್ನು ನೀವು ಬೈದುಕೊಳ್ಳಬೇಡಿ" ಅಂದರು. ಇನ್ನು ಕೆಲವರಿಗೆ "ಈ ವಿಶ್ವವಿದ್ಯಾಲಯಕ್ಕೆ ಬಂದಿದ್ದೀರಿ ಅಂದಮೇಲೆ ನೀವು ಬುದ್ಧಿವಂತರೇ" ಅಂತ ಉಬ್ಬಿಸಿದರು. ಮತ್ತೆ ಕೆಲವರಿಗೆ ಏನೂ ಹೇಳಲಿಲ್ಲ. ಎರಡನೇ ಪರೀಕ್ಷೆಗೆ ಜಾಸ್ತಿ ಹೊತ್ತು ಓದಿದ್ದು ಮೊದಲ ಗುಂಪು.