ಕಡಲ ದಂಡೆಯ ಹಳೇ ಹೋಟೆಲ್ ಕಟ್ಟಡವನ್ನು ಮನೆಗಳಾಗಿ ಮಾಡಬಹುದಾ?

ಮಾಡಬಹುದು. ಆದರೆ ನಕ್ಷೆ ಹಿಡಿದು ಕೂರುವ ಮೊದಲು ಕಟ್ಟಡದ ಗಟ್ಟಿತನ ನೋಡಿ. ಉಪ್ಪುಗಾಳಿಯಲ್ಲಿರುವ ಕ್ಲೋರೈಡ್ ವರ್ಷಗಟ್ಟಲೆ ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣದ ಸರಳುಗಳಿಗೆ ತುಕ್ಕು ಹಿಡಿಸುತ್ತದೆ, ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕಾಗುವುದರಿಂದ ಅದು ಒಳಗಿನಿಂದಲೇ ಕಾಂಕ್ರೀಟನ್ನು ಸೀಳುತ್ತದೆ. ಬಾಲ್ಕನಿಯ ಅಡಿಭಾಗಕ್ಕೆ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ. ಗಟ್ಟಿ ಇದ್ದರೆ ಟಣ್ ಅನ್ನುತ್ತದೆ, ಪದರ ಬಿಟ್ಟಿದ್ದರೆ ಟೊಳ್ಳು ಸದ್ದು ಬರುತ್ತದೆ. ಅಂಥ ಕಡೆ ಸುಮ್ನೆ ಸಿಮೆಂಟ್ ಮೆತ್ತಿ ಬಣ್ಣ ಬಳಿಯುವುದು ಮುಂದೆ ಅಲ್ಲಿ ವಾಸ ಮಾಡುವವರಿಗೆ ಬಗೆಯುವ ದ್ರೋಹ. ಸ್ಟ್ರಕ್ಚರಲ್ ಎಂಜಿನಿಯರ್ ಕೈಲಿ ಕ್ಲೋರೈಡ್ ಪರೀಕ್ಷೆ ಮಾಡಿಸಲೇಬೇಕು.

ಒಳಗಿನ ಕೆಲಸ ಅಷ್ಟು ತಲೆನೋವಲ್ಲ. ಎರಡು ಮೂರು ರೂಮು ಸೇರಿಸಿದರೆ ಒಂದು ಮನೆ. ಪ್ರತಿ ರೂಮಿಗೂ ಬಾತ್‌ರೂಮ್ ಇರುತ್ತೆ ಅಲ್ವಾ, ಹೆಚ್ಚಾಗಿ ಉಳಿದಿದ್ದನ್ನು ತೆಗೆದು ಅಲ್ಲೇ ಅಡುಗೆಮನೆ ಮಾಡಿದರೆ ನೀರು ಬರುವ, ಹೋಗುವ ಪೈಪು ಎರಡೂ ಕೈಗೆ ಸಿಗುತ್ತವೆ. ಆದರೆ ಮಧ್ಯದ ಗೋಡೆ ಭಾರ ಹೊರುತ್ತಿದೆಯಾ ಎಂದು ನೋಡದೆ ಒಡೆಯಬೇಡಿ. ಮನೆಮನೆಗೂ ಬೇರೆ ಕರೆಂಟ್ ಮೀಟರ್, ಪಕ್ಕದ ಮನೆಯ ಸದ್ದು ತಡೆಯುವ ಗೋಡೆ, ಬೆಂಕಿ ಬಿದ್ದರೆ ಇಳಿದು ಓಡಲು ದಾರಿ ಬೇಕು. ಹೋಟೆಲನ್ನು ವಾಸಕ್ಕೆ ಬದಲಿಸಲು ಅನುಮತಿ ಸಿಗುವವರೆಗೆ ಒಂದು ಇಟ್ಟಿಗೆಯನ್ನೂ ಕೀಳಬೇಡಿ.